ದಿನಕ್ಕೊಂದು ವಾಕ್ಯಭಾಗ: ಮಂಗಳೂರಿನಿಂದ ಶುವೈಖ್‌ವರೆಗೆ

ಶುವೈಖ್‌ನ ಸಬಾಹ್ ವೈದ್ಯಕೀಯ ವಲಯದಲ್ಲಿ ದುಡಿಯುವ ನಮ್ಮವರಲ್ಲಿ ಕರಾವಳಿಯ ಕ್ರೈಸ್ತ ಮನೆತನಗಳಿಂದ ಬಂದವರು ಹಲವರು. ಬೆಳಗಿನ ಪಾಳಿಗೆ ಹೊರಡುವ ಮುನ್ನ ಸತ್ಯವೇದದ ಒಂದು ಭಾಗವನ್ನೂ ಅದರ ಮೇಲಿನ ಪುಟ್ಟ ಧ್ಯಾನಬರಹವನ್ನೂ ಓದಿ ಪ್ರಾರ್ಥಿಸುವುದು ಅವರಲ್ಲಿ ರೂಢಿ. ಇದು ಒಂದು ಮತದವರ ಮನೆಯೊಳಗಿನ ಆಚರಣೆ ಮಾತ್ರವೆಂದು ಉಳಿದವರು ಭಾವಿಸಬಹುದು. ಆದರೆ ಈ ರೂಢಿಯಲ್ಲಿ ಕನ್ನಡದ ಚರಿತ್ರೆಯೂ ಸೇರಿದೆ.

ದಿನಕ್ಕೊಂದು ವಾಕ್ಯವೆಂಬ ಪದ್ಧತಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಸಣ್ಣ ಊರಿನ ಮೊರೇವಿಯನ್ ಸಭೆಯಲ್ಲಿ 1728ರಲ್ಲಿ ಆರಂಭವಾಯಿತು. ಮೊದಲು ಬಾಯಿಮಾತಿನಲ್ಲಿ ಮನೆಮನೆಗೆ ತಲುಪುತ್ತಿದ್ದ ಆ ವಾಕ್ಯಗಳು 1731ರಿಂದ ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗತೊಡಗಿದವು; ಇಂದಿಗೂ ಅಚ್ಚಾಗುತ್ತಿವೆ. ಸ್ಕಾಟ್ಲೆಂಡಿನ ಬೋಧಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ಇಡೀ ಬೈಬಲನ್ನು ಒಂದು ವರ್ಷದಲ್ಲಿ ಓದಿ ಮುಗಿಸುವ ದಿನಸೂಚಿಯನ್ನು ರಚಿಸಿದರು. ಮರುವರ್ಷವೇ, 29ರ ಹರೆಯದಲ್ಲಿ, ಟೈಫಸ್ ಜ್ವರ ಅವರನ್ನು ಬಲಿ ತೆಗೆದುಕೊಂಡಿತು. ಇಂದು ಡಾಕ್ಸಿಸೈಕ್ಲಿನ್ ಮಾತ್ರೆಗೆ ಮಣಿಯುವ ರೋಗವದು. ವೈದ್ಯರಾದ ನಮಗೆ ಈ ಸಂಗತಿ ಕಾಡದೆ ಬಿಡದು.

ಪ್ರತಿದಿನ ಓದಬೇಕಾದರೆ ಪುಸ್ತಕ ಮನೆಯಲ್ಲಿರಬೇಕು, ಅದೂ ತಿಳಿಯುವ ಭಾಷೆಯಲ್ಲಿರಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಅಲ್ಲಿ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. ಅವರ ಸಹೋದ್ಯೋಗಿ ವಿಲಿಯಂ ರೀವ್ ಕನ್ನಡ ನಿಘಂಟನ್ನೇ ಸಿದ್ಧಪಡಿಸಿದರು. 1834ರಲ್ಲಿ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದಿಳಿದರು. 1841ರಲ್ಲಿ ಅಲ್ಲಿ ಮುದ್ರಣಾಲಯವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. ಅದೇ ಮೋಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು.

ಇದರಲ್ಲಿ ನಮಗೆ ಅತ್ಯಂತ ಕುತೂಹಲಕರವೆನಿಸುವ ಸಂಗತಿ ತುಳುವಿನದು. ಮಂಗಳೂರು, ಉಡುಪಿ ಕಡೆಯ ಬಾಸೆಲ್ ಸಭೆಗಳ ಬಹುಪಾಲು ಜನರ ಮನೆಮಾತು ತುಳು. 1847ರಲ್ಲಿ ತುಳು ಹೊಸ ಒಡಂಬಡಿಕೆ ಅಚ್ಚಾದಾಗ ಅದಕ್ಕೆ ಬಳಸಿದ್ದು ಕನ್ನಡ ಲಿಪಿ. ತುಳುವಿನ ವಾಕ್ಯಭಾಗವನ್ನು ಓದಲು ಕನ್ನಡ ಅಕ್ಷರ ಬರಲೇಬೇಕಾಯಿತು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಸರದಿಯಂತೆ ಒಂದೊಂದು ವಚನ ಓದುವಾಗ, ಹೆಣ್ಣುಮಕ್ಕಳಿಗೂ ಅದೊಂದು ನಿತ್ಯದ ಅಕ್ಷರಾಭ್ಯಾಸವಾಗುತ್ತಿತ್ತು. ಆ ಅನುವಾದಗಳ ಗದ್ಯ ಇಂದಿನ ಕಿವಿಗೆ ಬಿಗಿಯಾಗಿ ಕೇಳಿಸುತ್ತದೆಂಬುದು ನಿಜ. ಆದರೂ ಅನೇಕ ಅಜ್ಜಿಯಂದಿರು ಕೈಗೆತ್ತಿಕೊಂಡ ಕನ್ನಡ ಗ್ರಂಥ ಅದೊಂದೇ.

ಕುವೈತಿಗೂ ಮಿಷನರಿ ವೈದ್ಯರ ಚರಿತ್ರೆಯುಂಟು. ಶುವೈಖ್‌ನಿಂದ ಪೂರ್ವಕ್ಕೆ, ನಗರದ ಕಡಲ ದಂಡೆಯಲ್ಲಿ ಅಮೆರಿಕನ್ ಮಿಷನ್ ಆಸ್ಪತ್ರೆಯ ಹಳೆಯ ಕಟ್ಟಡಗಳು ಇಂದು ಸಾಂಸ್ಕೃತಿಕ ಕೇಂದ್ರವಾಗಿ ಉಳಿದಿವೆ. 1912ರಲ್ಲಿ ಡಾ. ಎಲಿನರ್ ಕ್ಯಾಲ್ವರ್ಲಿ ಇಲ್ಲಿಗೆ ಬಂದು ಸ್ತ್ರೀಯರಿಗೆ ಚಿಕಿತ್ಸೆ ನೀಡತೊಡಗಿದರು, ಡಾ. ಸ್ಟ್ಯಾನ್ಲಿ ಮಿಲ್ರಿ ದಶಕಗಳ ಕಾಲ ದುಡಿದರು. ಅಲ್ಲಿ ಓದುತ್ತಿದ್ದುದು ಅರಬ್ಬಿ ಬೈಬಲ್. 1967ರಲ್ಲಿ ಆಸ್ಪತ್ರೆ ಮುಚ್ಚಿತು. ಸಮೀಪದ ಇವ್ಯಾಂಜೆಲಿಕಲ್ ಚರ್ಚಿನ ಆವರಣದಲ್ಲಿ ಇಂದಿಗೂ ಹಲವು ಭಾಷೆಗಳ ಆರಾಧನೆ ನಡೆಯುತ್ತದೆ. ಶುಕ್ರವಾರವೇ ರಜೆಯಾದ್ದರಿಂದ ಅಂದೇ ಜನಸಂದಣಿ ಹೆಚ್ಚು.

ಈಗಿನ ಇಕ್ಕಟ್ಟು ಬೇರೆ ಬಗೆಯದು. ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಆದ್ದರಿಂದ ದಿನದ ಧ್ಯಾನ ಇಂಗ್ಲಿಷಿಗೆ ಸರಿದಿದೆ, ಇಲ್ಲವೇ ಮೊಬೈಲು ತಾನೇ ಕನ್ನಡದಲ್ಲಿ ಓದಿ ಹೇಳುತ್ತದೆ. ದೇವರಿಗೆ ಯಾವ ಭಾಷೆಯಾದರೂ ಆದೀತು. ಭಕ್ತಿಗೆ ಇದರಿಂದ ಕುಂದೇನೂ ಇಲ್ಲ. ನಷ್ಟ ಲಿಪಿಗೆ. ತುಳು ಮನೆಗಳಿಗೆ ಕನ್ನಡ ಅಕ್ಷರವನ್ನು ತಂದ ರೂಢಿಯೇ ಕನ್ನಡ ಮನೆಗಳಲ್ಲಿ ಆ ಅಕ್ಷರವಿಲ್ಲದೆ ಸಾಗುತ್ತಿದೆ. ನಾವು ಬಲ್ಲ ಕೆಲವು ಮನೆಗಳಲ್ಲಿ ಮಾತ್ರ ಹಿರಿಯರು ಪೂರ್ತಿ ಅಧ್ಯಾಯದ ಹಟ ಬಿಟ್ಟಿದ್ದಾರೆ. ಶುಕ್ರವಾರ ಊರಿನ ಅಜ್ಜಿಗೆ ವೀಡಿಯೊ ಕರೆ ಮಾಡಿದಾಗ ಮಗು ಒಂದೇ ಒಂದು ವಚನವನ್ನು ಬೆರಳಿಟ್ಟು ಓದಬೇಕು. ತಡವರಿಸಿದಲ್ಲಿ ಒತ್ತಕ್ಷರ ಬಿಡಿಸಿ ಹೇಳುವ ಕೆಲಸ ಅಜ್ಜಿಯದು.