ಮಿದುಳಿನ ಹಸಿವು: ಒಂದು ಶತಮಾನದ ಶೋಧ

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಏರುವ ರೋಗವೆಂಬುದನ್ನು ಇಂದು ಗೋಪನಕೊಪ್ಪದ ಓಣಿಗಳಲ್ಲಿಯೂ ಎಲ್ಲರೂ ಬಲ್ಲರು. ಅದೇ ರೋಗಿಯ ಸಕ್ಕರೆ ಮೇರೆ ಮೀರಿ ಇಳಿದರೆ ಏನಾಗುವುದೆಂದು ಬಲ್ಲವರು ವಿರಳ. ಮುಂಜಾನೆ ಇನ್ಸುಲಿನ್ ಚುಚ್ಚಿಕೊಂಡು, ಲಿಂಗಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಪೂಜೆ ದೀರ್ಘವಾದ ದಿನ ಅವರು ಬೆವರಿ, ಕೈ ನಡುಗಿ, ಮಾತು ತೊದಲಿದರೆ ವಯಸ್ಸಾಯಿತೆಂದು ನಾವು ಸುಮ್ಮನಾಗುತ್ತೇವೆ. ಮಿದುಳು ಹಸಿದಿದೆಯೆಂಬ ಸಂಶಯ ನಮಗೆ ಬರುವುದಿಲ್ಲ.

ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರವಿರುವ ಮಿದುಳು ವಿಶ್ರಾಂತ ದೇಹದ ಇಂಧನದಲ್ಲಿ ಐದರಲ್ಲೊಂದು ಪಾಲನ್ನು ಬಳಸುತ್ತದೆ. ಆದರೆ ಅದು ಕಣಜವಿಲ್ಲದ ಮನೆ. ರಕ್ತವು ತಂದುಕೊಟ್ಟದ್ದರಿಂದಲೇ ಅದರ ನಿತ್ಯದ ಸಂಸಾರ ಸಾಗಬೇಕು.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಶೋಧಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಮೊದಲು ಕೊಡಲಾಯಿತು. ಸಾವನ್ನು ದೂಡಿದ ಈ ಔಷಧವು ಪ್ರಮಾಣ ಮೀರಿದರೆ ಎಚ್ಚರ ತಪ್ಪಿಸುವುದೆಂಬುದೂ ಬೇಗನೆ ತಿಳಿಯಿತು. ವಿಚಿತ್ರವೆಂದರೆ, ಈ ದೋಷವನ್ನೇ ಕೆಲವರು ಚಿಕಿತ್ಸೆಯೆಂದು ಬಗೆದರು. ವಿಯೆನ್ನಾದ ಮ್ಯಾನ್‌ಫ್ರೆಡ್ ಸಾಕೆಲ್ 1933ರಲ್ಲಿ, ಚಿತ್ತವಿಕಾರದ ರೋಗಿಗಳನ್ನು ಇನ್ಸುಲಿನ್ನಿನಿಂದ ಮತ್ತೆ ಮತ್ತೆ ಗಾಢ ಮೂರ್ಛೆಗೆ ಇಳಿಸಿ, ಸಕ್ಕರೆ ಕೊಟ್ಟು ಎಚ್ಚರಿಸುವ ಪದ್ಧತಿಯನ್ನು ಪ್ರಕಟಿಸಿದನು. ಅದು ಲೋಕವೆಲ್ಲ ಹಬ್ಬಿತು. ಮುಂದೆ ನಿಮ್ಹಾನ್ಸ್ ಆಗಿ ಬೆಳೆದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿಯೂ ಡಾ. ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ ಅದು ನಡೆಯಿತು. ಬೇರೆ ಔಷಧವಿಲ್ಲದ ಆ ಕಾಲದ ವೈದ್ಯರನ್ನು ಇಂದು ಹಳಿಯುವುದು ಸುಲಭ, ನಾನಂತೂ ಹಳಿಯಲಾರೆ. ಆದರೆ ಮೂರ್ಛೆಯಿಂದ ಎಚ್ಚರಗೊಳ್ಳದೆ ಅಳಿದವರ ಮಿದುಳನ್ನು ಪರೀಕ್ಷಿಸಿದಾಗ, ಹೊರಪದರದಲ್ಲಿಯೂ ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ಸಿನಲ್ಲಿಯೂ ಜೀವಕೋಶಗಳು ಸತ್ತಿದ್ದುದು ಕಂಡಿತು. ನಮ್ಮ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದ 1957ರಲ್ಲಿಯೇ, ಇಂಗ್ಲೆಂಡಿನ ವೈದ್ಯರು ನಿದ್ರೆಯ ಔಷಧದಿಂದ ತಂದ ಮೂರ್ಛೆಯೂ ಅಷ್ಟೇ ಫಲ ಕೊಡುವುದೆಂದು ತೋರಿಸಿದರು. ಪದ್ಧತಿ ಕ್ರಮೇಣ ಅಳಿಯಿತು.

ಹಾಗಾದರೆ ಮಧುಮೇಹಿಗಳಲ್ಲಿ ಆಗಾಗ ಬರುವ ಸಾಧಾರಣ ಇಳಿತದಿಂದಲೂ ಕೋಶಗಳು ಸಾಯುವವೇ? 1984ರಲ್ಲಿ ರೋಲಂಡ್ ಔಅರ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಮಿದುಳಿನ ವಿದ್ಯುತ್ ಚಟುವಟಿಕೆ ಪೂರ್ಣ ಸ್ತಬ್ಧವಾದ ಮೇಲೆಯೇ ಕೋಶಗಳು ನಾಶವಾಗತೊಡಗುವುದನ್ನು ಅವರು ಕಂಡರು. ಇದು ಸಮಾಧಾನದ ಮಾತು. ಆದರೆ ಸಣ್ಣ ಇಳಿತಗಳು ಮತ್ತೊಂದು ಮಾರ್ಗದಿಂದ ಕೇಡು ತರುತ್ತವೆ. ಇಳಿತ ಪದೇ ಪದೇ ಆದಂತೆ ದೇಹವು ಅದಕ್ಕೆ ಒಗ್ಗಿ, ಬೆವರು, ನಡುಕ, ಎದೆಬಡಿತಗಳೆಂಬ ಎಚ್ಚರಿಕೆಯ ಗಂಟೆಗಳು ಮೌನವಾಗುತ್ತವೆ. ಅಮೆರಿಕದ ಫಿಲಿಪ್ ಕ್ರೈಯರ್ 1990ರ ದಶಕದಲ್ಲಿ ಇದನ್ನು ವಿಶದಪಡಿಸಿದರು. ಆಗ ರೋಗಿಯು ಮುನ್ಸೂಚನೆಯಿಲ್ಲದೆಯೇ ಗಾಢ ಮೂರ್ಛೆಗೆ ಜಾರಬಹುದು. 1994ರಲ್ಲಿ ಲಂಡನ್ನಿನ ವೈದ್ಯರು ಇಳಿತಗಳನ್ನು ಜಾಗ್ರತೆಯಿಂದ ತಪ್ಪಿಸಿದಾಗ ಈ ಗಂಟೆಗಳು ಮತ್ತೆ ಮೊಳಗಿದವು.

ದೀರ್ಘಕಾಲದ ಪರಿಣಾಮವನ್ನು ಅರಿಯಲು ದೀರ್ಘಕಾಲವೇ ಬೇಕಾಯಿತು. ಉತ್ತರ ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ 1,441 ಮಂದಿ ಇನ್ಸುಲಿನ್ ಅವಲಂಬಿತ ರೋಗಿಗಳು ಭಾಗವಹಿಸಿದರು. ಸುಮಾರು 18 ವರ್ಷಗಳ ಬಳಿಕ, 2007ರ ವರದಿಯಲ್ಲಿ, ತೀವ್ರ ಇಳಿತಗಳಿಂದ ಬುದ್ಧಿಶಕ್ತಿ ಕುಂದಿದ ಗುರುತು ಸಿಗಲಿಲ್ಲ. ಆದರೆ ಅದೇ ಜನರು ಮುಪ್ಪಿನತ್ತ ಸಾಗಿದ ಮೇಲೆ, 32 ವರ್ಷಗಳ ಅನುಭವವನ್ನು ಹೇಳುವ 2021ರ ವರದಿಯಲ್ಲಿ, ಹೆಚ್ಚು ತೀವ್ರ ಇಳಿತ ಕಂಡವರ ಬುದ್ಧಿಯ ಚುರುಕು ಹೆಚ್ಚು ತಗ್ಗಿತ್ತು. ಇದಕ್ಕೆ ಮುನ್ನ 2009ರಲ್ಲಿ, ಕ್ಯಾಲಿಫೋರ್ನಿಯಾದ 16,667 ಹಿರಿಯ ಮಧುಮೇಹಿಗಳ ದಾಖಲೆಗಳು ಇಳಿತದಿಂದ ಆಸ್ಪತ್ರೆ ಸೇರಿದವರಲ್ಲಿ ಮರೆಗುಳಿತನ ಅಧಿಕವೆಂದು ತೋರಿಸಿದ್ದವು. ಮರೆವಿರುವವರು ಔಷಧವನ್ನೋ ಊಟವನ್ನೋ ತಪ್ಪುವುದರಿಂದಲೂ ಇಳಿತ ಬರುವುದುಂಟಾದ್ದರಿಂದ, ಕಾರಣ ಯಾವುದು, ಕಾರ್ಯ ಯಾವುದೆಂದು ನಿರ್ಣಯಿಸುವುದು ಸುಲಭವಲ್ಲ.

ಇದರಿಂದಲೇ ಇಂದಿನ ವೈದ್ಯರು ವೃದ್ಧರ ಸಕ್ಕರೆಯನ್ನು ತೀರ ಬಿಗಿಹಿಡಿಯದೆ ತುಸು ಸಡಿಲ ಬಿಡುತ್ತಾರೆ. 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ, ಎಚ್ಚರವಿರುವವರಿಗೆ ಸುಮಾರು 15 ಗ್ರಾಂ ಗ್ಲೂಕೋಸನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪೂಜೆಯ ಹೊತ್ತನ್ನೂ ಶ್ರಾವಣದ ಉಪವಾಸಗಳನ್ನೂ ಮೊದಲೇ ತಿಳಿಸಿದರೆ, ಇನ್ಸುಲಿನ್ನಿನ ವೇಳೆಯನ್ನೂ ಪ್ರಮಾಣವನ್ನೂ ವೈದ್ಯರು ಅದಕ್ಕೆ ಹೊಂದಿಸಿಕೊಡಬಲ್ಲರು.