ಡುಪ್ಲಿಕೇಟ್ ಸಿಮ್ ತಂದರೆ ನಂಬರುಗಳೂ ವಾಪಸ್ ಬರುತ್ತವೆಯೇ? ಫೋನು–ಕಂಪ್ಯೂಟರ್ ಸಿಂಕ್ ಬಗ್ಗೆ ತಿಳಿಯಬೇಕಾದದ್ದು

‘ಫೋನ್ ಹೋದರೆ ಹೋಗಲಿ, ಅದೇ ನಂಬರಿನ ಡುಪ್ಲಿಕೇಟ್ ಸಿಮ್ ತಂದರೆ ಸೇವ್ ಮಾಡಿದ ನಂಬರುಗಳೆಲ್ಲ ವಾಪಸ್ ಬರುತ್ತವೆ’ ಎಂದು ಎಷ್ಟೋ ಜನ ನಂಬಿದ್ದಾರೆ. ಇದು ತಪ್ಪು. ಹೊಸ ಸಿಮ್‌ನಲ್ಲಿ ನಿಮ್ಮ ಸ್ವಂತ ನಂಬರ್ ಮಾತ್ರ ಬರುತ್ತದೆ. ನೀವು ಕೂಡಿಟ್ಟ ಹೆಸರುಗಳ ಜಾಗ ಖಾಲಿಯಾಗಿಯೇ ಇರುತ್ತದೆ.

ಇಂಡಿಯ ಲಿಂಬೆ ಬೆಳೆಗಾರನ ಫೋನಿನಲ್ಲಿ ವ್ಯಾಪಾರಿಗಳ, ಲಾರಿ ಚಾಲಕರ ನಂಬರುಗಳಿರುತ್ತವೆ. ಸಿಂದಗಿಯ ತೊಗರಿ ರೈತನ ಬಳಿ ಅಡತ್ ಅಂಗಡಿಯವರ ನಂಬರ್ ಇರುತ್ತದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಗೋವಾ, ಪುಣೆ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳ ನಂಬರ್ ಊರಲ್ಲಿರುವ ತಾಯಿಯ ಫೋನಿನಲ್ಲಿ ಮಾತ್ರ ಇರುತ್ತದೆ. ಈಗ ಯಾರಿಗೂ ನಂಬರ್ ಬಾಯಿಪಾಠವಿಲ್ಲ, ಡೈರಿಯಲ್ಲಿ ಬರೆದಿಡುವವರೂ ಕಡಿಮೆ. ಫೋನ್ ಬಾವಿಗೆ ಬಿದ್ದರೆ ಅಥವಾ ಜಾತ್ರೆಯಲ್ಲಿ ಕಳೆದರೆ ವ್ಯವಹಾರವೂ ನಿಲ್ಲುತ್ತದೆ, ಮನೆಯವರ ಸಂಪರ್ಕವೂ ತಪ್ಪುತ್ತದೆ. ಇದನ್ನು ತಪ್ಪಿಸಲು ಹತ್ತು ನಿಮಿಷದ ಕೆಲಸ ಸಾಕು, ಖರ್ಚೂ ಇಲ್ಲ.

ಸಿಂಕ್ ಎಂದರೇನು?

ಎರಡು ಕಡೆ ಇರುವ ಪಟ್ಟಿಗಳನ್ನು ತಾಳೆ ನೋಡಿ ಒಂದೇ ರೀತಿ ಮಾಡುವುದೇ ಸಿಂಕ್. ಹಿಂದೆ ನೋಕಿಯಾ ಫೋನನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ, ಪಿಸಿ ಸೂಟ್ ಎಂಬ ತಂತ್ರಾಂಶದಿಂದ ಈ ಕೆಲಸ ಮಾಡುತ್ತಿದ್ದರು. ಈಗ ಕೇಬಲ್ ಬೇಕಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ನೀವು ಸೇರಿಸಿದ ಹೆಸರು ನಿಮ್ಮ ಗೂಗಲ್ ಖಾತೆಗೆ ಹೋಗುತ್ತದೆ, ಅದೇ ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದರೆ ಆ ಹೆಸರು ಅಲ್ಲಿಯೂ ಕಾಣುತ್ತದೆ. ಕಂಪ್ಯೂಟರಿನಲ್ಲಿ ತಿದ್ದಿದ್ದು ಫೋನಿಗೂ ಬರುತ್ತದೆ. ಐಫೋನಿನಲ್ಲಿ ಈ ಕೆಲಸವನ್ನು ಐಕ್ಲೌಡ್ ಮಾಡುತ್ತದೆ.

ನಿಮ್ಮ ನಂಬರುಗಳು ಎಲ್ಲಿವೆ?

ಆಂಡ್ರಾಯ್ಡ್ ಫೋನಿನಲ್ಲಿ ನಂಬರ್ ಸೇವ್ ಮಾಡಲು ಸಾಮಾನ್ಯವಾಗಿ ಮೂರು ಜಾಗಗಳಿವೆ: ಸಿಮ್, ಫೋನ್, ಗೂಗಲ್ ಖಾತೆ. ಸಿಮ್‌ನಲ್ಲಿ ಹಿಡಿಯುವುದು ಸಾಮಾನ್ಯವಾಗಿ 250ರಷ್ಟು ನಂಬರುಗಳು ಮಾತ್ರ, ಉದ್ದದ ಹೆಸರುಗಳು ಅರ್ಧಕ್ಕೆ ತುಂಡಾಗಬಹುದು. ಫೋನಿನಲ್ಲಿ ಮಾತ್ರ ಇಟ್ಟದ್ದು ಫೋನಿನ ಜೊತೆಗೇ ಹೋಗುತ್ತದೆ. ಗೂಗಲ್ ಖಾತೆಯಲ್ಲಿ 25,000 ಸಂಪರ್ಕಗಳವರೆಗೆ ಇಡಬಹುದು, ಅವು ಫೋನ್ ಕಳೆದರೂ ಉಳಿಯುತ್ತವೆ.

ಮಾಡುವ ಕ್ರಮ

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಒತ್ತಿ, ನಿಮ್ಮ ಜಿಮೇಲ್ ಖಾತೆಯನ್ನು ಆರಿಸಿ, ಅಕೌಂಟ್ ಸಿಂಕ್ ತೆರೆಯಿರಿ. ಕಾಂಟ್ಯಾಕ್ಟ್ಸ್ ಮತ್ತು ಕ್ಯಾಲೆಂಡರ್ ಎರಡನ್ನೂ ಆನ್ ಮಾಡಿ. ಫೋನಿನ ಕಂಪನಿಗೆ ತಕ್ಕಂತೆ ಈ ಹೆಸರುಗಳಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು.

2. ಸಿಮ್‌ನಲ್ಲಿರುವ ನಂಬರುಗಳನ್ನು ಕಾಂಟ್ಯಾಕ್ಟ್ಸ್ ಆ್ಯಪ್‌ನ ಇಂಪೋರ್ಟ್ ಮೂಲಕ ಗೂಗಲ್ ಖಾತೆಗೆ ತನ್ನಿ. ಫೋನಿನಲ್ಲಿ ಮಾತ್ರ ಇರುವವನ್ನೂ ಆ ಖಾತೆಗೆ ಸರಿಸಿ.

3. ಮುಂದೆ ಸೇವ್ ಮಾಡುವ ನಂಬರುಗಳು ಗೂಗಲ್ ಖಾತೆಗೇ ಹೋಗುವಂತೆ ಆರಿಸಿಡಿ.

4. ಕಂಪ್ಯೂಟರಿನಲ್ಲಿ ಅದೇ ಜಿಮೇಲ್‌ನಿಂದ ಲಾಗಿನ್ ಆಗಿ ಗೂಗಲ್ ಕಾಂಟ್ಯಾಕ್ಟ್ಸ್ ಮತ್ತು ಗೂಗಲ್ ಕ್ಯಾಲೆಂಡರ್ ಪುಟಗಳನ್ನು ತೆರೆಯಿರಿ. ಫೋನಿನಲ್ಲಿರುವ ನಾಲ್ಕೈದು ಹೆಸರು ಅಲ್ಲಿ ಕಂಡರೆ ಸಿಂಕ್ ಆಗಿದೆ ಎಂದರ್ಥ. ಒಂದೇ ಹೆಸರು ಎರಡೆರಡು ಬಾರಿ ಇದ್ದರೆ ‘ಮರ್ಜ್ ಆ್ಯಂಡ್ ಫಿಕ್ಸ್’ ಒತ್ತಿ ಕೂಡಿಸಬಹುದು.

ನಂಬರ್ ಬರೆಯುವಾಗ +91 ಸೇರಿಸಿ. ಲ್ಯಾಂಡ್‌ಲೈನ್ ನಂಬರಿಗೆ ಊರಿನ ಕೋಡ್ ಇಲ್ಲದಿದ್ದರೆ ಮೊಬೈಲಿನಿಂದ ಕರೆ ಹೋಗುವುದಿಲ್ಲ. ವಿಜಯಪುರದ ಕೋಡ್ 08352, ಮುದ್ದೇಬಿಹಾಳದ್ದು 08356, ಬಸವನ ಬಾಗೇವಾಡಿಯದ್ದು 08358, ಇಂಡಿಯದ್ದು 08359, ಸಿಂದಗಿಯದ್ದು 08488. +91 ಹಾಕಿದಾಗ ಕೋಡಿನ ಮೊದಲ ಸೊನ್ನೆಯನ್ನು ಬಿಡಬೇಕು.

ಕ್ಯಾಲೆಂಡರಿನಲ್ಲಿ ಗಮನಿಸಬೇಕಾದದ್ದು

ಸಾಲದ ಕಂತು, ವಿಮೆಯ ಕೊನೆಯ ದಿನ, ಮಗುವಿನ ಲಸಿಕೆ, ಆಸ್ಪತ್ರೆಯ ಮರುಭೇಟಿ, ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಹಾಕಿದರೆ ಫೋನು ತಾನೇ ನೆನಪಿಸುತ್ತದೆ. ಹುಟ್ಟುಹಬ್ಬದಂಥವಕ್ಕೆ ‘ಪ್ರತಿ ವರ್ಷ’ ಎಂದು ಆರಿಸಬಹುದು. ಆದರೆ ತಿಥಿಯ ಲೆಕ್ಕದ ಹಬ್ಬ, ಜಾತ್ರೆಗಳಿಗೆ ಹಾಗೆ ಮಾಡಬೇಡಿ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಯಂದು ಬರುತ್ತದೆ. 2024ರಲ್ಲಿ ಅದು ಮೇ 10ಕ್ಕೆ ಬಿತ್ತು, 2025ರಲ್ಲಿ ಏಪ್ರಿಲ್ 30ಕ್ಕೆ. ‘ಪ್ರತಿ ವರ್ಷ ಮೇ 10’ ಎಂದು ಹಾಕಿಟ್ಟವರಿಗೆ ಫೋನು ಹಬ್ಬ ಮುಗಿದ ಮೇಲೆ ನೆನಪಿಸುತ್ತದೆ. ಇಂಥವನ್ನು ಪಂಚಾಂಗ ನೋಡಿ ವರ್ಷವರ್ಷವೂ ಹಾಕಬೇಕು.

ನಾಲ್ಕು ತಪ್ಪು ತಿಳಿವಳಿಕೆಗಳು

‘ಸಿಂಕ್ ಮಾಡಿದರೆ ಬ್ಯಾಕಪ್ ಆದಂತೆ.’ ಪೂರ್ತಿ ನಿಜವಲ್ಲ. ಸಿಂಕ್ ಕನ್ನಡಿಯ ಹಾಗೆ: ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಮಗು ಆಟವಾಡುತ್ತ ಹತ್ತು ನಂಬರ್ ಅಳಿಸಿದರೆ ಅವು ಕಂಪ್ಯೂಟರಿನಿಂದಲೂ ಮಾಯ. ಆದರೆ ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಅಳಿಸಿದ ಹೆಸರುಗಳು 30 ದಿನ ಟ್ರ್ಯಾಶ್‌ನಲ್ಲಿರುತ್ತವೆ. ಅಷ್ಟರೊಳಗೆ ಹಿಂದಕ್ಕೆ ಪಡೆಯಬಹುದು.

‘ವಾಟ್ಸಾಪ್ ಬ್ಯಾಕಪ್ ಇದೆ, ಅಷ್ಟು ಸಾಕು.’ ಆ ಬ್ಯಾಕಪ್ ಇರುವುದು ಮಾತುಕತೆ, ಫೋಟೊಗಳಿಗೆ. ಅದು ನಿಮ್ಮ ಫೋನ್‌ಬುಕ್ಕಿನ ಪ್ರತಿಯಲ್ಲ. ಹೊಸ ಫೋನಿನಲ್ಲಿ ಚಾಟ್ ಎಲ್ಲ ಬಂದು, ಹೆಸರಿನ ಜಾಗದಲ್ಲಿ ಬರೀ ನಂಬರುಗಳು ಕಾಣುವುದು ಇದೇ ಕಾರಣಕ್ಕೆ.

‘ಎಕ್ಸೆಲ್‌ನಲ್ಲಿ ಇಟ್ಟರೆ ಭದ್ರ.’ ಗೂಗಲ್ ಕಾಂಟ್ಯಾಕ್ಟ್ಸ್‌ನಿಂದ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಅದು ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಎಂದು ತಿಳಿಯುತ್ತದೆ. ಮೊದಲಿನ ಸೊನ್ನೆ ಉದುರುತ್ತದೆ, +91 ಇರುವ ನಂಬರ್ 9.19ಇ+11 ಎಂಬಂಥ ರೂಪ ತಾಳುತ್ತದೆ, ಕನ್ನಡದ ಹೆಸರುಗಳು ಅರ್ಥವಾಗದ ಚಿಹ್ನೆಗಳಾಗಬಹುದು. ಹಾಗೆಯೇ ಸೇವ್ ಮಾಡಿದರೆ ಇದ್ದ ಪ್ರತಿಯೂ ಕೆಡುತ್ತದೆ. ಬ್ಯಾಕಪ್‌ಗೆ ವಿಕಾರ್ಡ್ ಮಾದರಿಯ ವಿಸಿಎಫ್ ಕಡತವನ್ನೇ ಆರಿಸಿ. ಆಂಡ್ರಾಯ್ಡ್, ಐಫೋನ್ ಎರಡೂ ಅದನ್ನು ಓದುತ್ತವೆ. ಆರು ತಿಂಗಳಿಗೊಮ್ಮೆ ಒಂದು ಪ್ರತಿ ಇಳಿಸಿ ಪೆನ್‌ಡ್ರೈವ್‌ನಲ್ಲಿಟ್ಟರೆ ಇಂಟರ್ನೆಟ್ ಇಲ್ಲದಾಗಲೂ ಸಿಗುತ್ತದೆ.

‘ಈ ಲಿಂಕ್ ಒತ್ತಿದರೆ ಹೋದ ನಂಬರೆಲ್ಲ ಬರುತ್ತವೆ.’ ಇಂಥ ಫಾರ್ವರ್ಡ್ ಬಂದರೆ ಒತ್ತಬೇಡಿ. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತಗಳ ಮೂಲಕ ನಿಮ್ಮ ಸಂಪರ್ಕಗಳು, ಎಸ್ಸೆಮ್ಮೆಸ್‌ಗಳು, ಒಟಿಪಿ ಕೂಡ ವಂಚಕರ ಕೈಸೇರಬಹುದು. ಗೂಗಲ್ ಸಿಂಕ್‌ಗೆ ಬೇರೆ ಯಾವ ಆ್ಯಪ್ ಕೂಡ ಬೇಕಿಲ್ಲ.

ಖಾತೆ ಯಾರದ್ದು?

ಎಷ್ಟೋ ಫೋನುಗಳಲ್ಲಿ ಜಿಮೇಲ್ ಖಾತೆ ತೆರೆದುಕೊಟ್ಟವರು ಮೊಬೈಲ್ ಅಂಗಡಿಯವರು. ಮಾಲೀಕರಿಗೆ ಐಡಿಯೂ ಗೊತ್ತಿಲ್ಲ, ಪಾಸ್‌ವರ್ಡ್ ಕೂಡ ಗೊತ್ತಿಲ್ಲ. ಹೀಗಿದ್ದರೆ ನಂಬರುಗಳು ಗೂಗಲ್‌ನಲ್ಲಿದ್ದರೂ ಫೋನ್ ಕಳೆದ ದಿನ ಕೈಗೆ ಸಿಗುವುದಿಲ್ಲ. ಫೋನ್ ಕೈಯಲ್ಲಿರುವಾಗಲೇ ಪಾಸ್‌ವರ್ಡ್ ಬದಲಿಸಿ ಬರೆದಿಡಿ. ಅಪ್ಪನ ಫೋನಿಗೆ ಮಗನ ಜಿಮೇಲ್ ಹಾಕಿದರೆ ಇಬ್ಬರ ನಂಬರುಗಳೂ ಬೆರೆಯುತ್ತವೆ, ಒಬ್ಬರು ಅಳಿಸಿದ್ದು ಇನ್ನೊಬ್ಬರಿಗೂ ಇಲ್ಲದಂತಾಗುತ್ತದೆ. ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಖಾತೆ ಇರಲಿ.

ಇನ್ನೊಂದು ತೊಡಕು: ಎರಡು ಹಂತದ ಪರಿಶೀಲನೆ ಆನ್ ಇದ್ದರೆ ಲಾಗಿನ್ ಆಗಲು ಒಟಿಪಿ ಬರುವುದು ಕಳೆದುಹೋದ ಫೋನಿಗೇ! ಇದಕ್ಕಾಗಿ ಗೂಗಲ್ 10 ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ. ಒಂದೊಂದೂ ಎಂಟು ಅಂಕಿಯದು, ಒಂದನ್ನು ಒಂದೇ ಸಲ ಬಳಸಬಹುದು. ಅವನ್ನು ಕಾಗದದಲ್ಲಿ ಬರೆದು ಹೊಲದ ಉತಾರ, ಪಾಸ್‌ಬುಕ್ ಇಡುವ ಜಾಗದಲ್ಲೇ ಇಡಿ.

ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಮಾಡುವುದಾದರೆ ಇನ್‌ಕಾಗ್ನಿಟೊ ಕಿಟಕಿ ಬಳಸಿ. ಪಾಸ್‌ವರ್ಡ್ ಸೇವ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಏಳುವ ಮುನ್ನ ಲಾಗ್‌ಔಟ್ ಆಗಿ, ಇಳಿಸಿಕೊಂಡ ಕಡತವನ್ನು ಅಲ್ಲಿಂದ ಅಳಿಸಿ.

ಫೋನ್ ಕಳೆದೇಹೋದರೆ

ಮೊದಲು ಸಿಮ್ ಬಂದ್ ಮಾಡಿಸಿ. ಬೇರೆ ಕಂಪ್ಯೂಟರಿನಿಂದ ನಿಮ್ಮ ಗೂಗಲ್ ಖಾತೆ ತೆರೆದು ಕಳೆದ ಫೋನನ್ನು ಸೈನ್‌ಔಟ್ ಮಾಡಿ. ಪೊಲೀಸ್ ದೂರಿನ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಫೋನನ್ನು ಬ್ಲಾಕ್ ಮಾಡಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹೊಸ ಫೋನಿಗೆ ಹಳೆಯ ಜಿಮೇಲ್ ಹಾಕಿದರೆ ನಂಬರುಗಳೂ ಕ್ಯಾಲೆಂಡರೂ ತಾವಾಗಿ ಬಂದು ಕೂರುತ್ತವೆ.

ಈ ಬರಹವನ್ನು ಮನೆಯ ಗ್ರೂಪಿಗೆ ಕಳಿಸುವ ಮುನ್ನ ನಿಮ್ಮ ಫೋನಿನಲ್ಲಿ ಸಿಂಕ್ ಆನ್ ಇದೆಯೇ ನೋಡಿಕೊಳ್ಳಿ. ಆಮೇಲೆ ಮನೆಯ ಹಿರಿಯರ ಫೋನನ್ನೂ ಇಸಿದುಕೊಂಡು ನೋಡಿ. ಅವರಿಗೆ ಈ ಫಾರ್ವರ್ಡ್ ಕಳಿಸುವುದಕ್ಕಿಂತ ಪಕ್ಕದಲ್ಲಿ ಕುಳಿತು ಮಾಡಿಕೊಡುವುದೇ ಹೆಚ್ಚು ಉಪಯೋಗ.