ಉಪಗ್ರಹ ದತ್ತಾಂಶ, ವಾಯುಮಾಲಿನ್ಯ ಮತ್ತು ಜನಾರೋಗ್ಯ: ಒಂದು ಚಾರಿತ್ರಿಕ ಅವಲೋಕನ

ವಾಯುಮಾಲಿನ್ಯಕ್ಕೂ ಮರಣಕ್ಕೂ ಇರುವ ಸಂಬಂಧವನ್ನು ಅರಿಯಲು ಎರಡು ಲೆಕ್ಕಗಳು ಬೇಕು. ಜನರು ಉಸಿರಾಡಿದ ಗಾಳಿಯಲ್ಲಿ ಏನಿತ್ತು, ಎಷ್ಟಿತ್ತು ಎಂಬುದು ಒಂದು. ಆ ಜನರಲ್ಲಿ ಎಷ್ಟು ಮಂದಿ, ಯಾವಾಗ, ಯಾವ ಕಾರಣದಿಂದ ತೀರಿಕೊಂಡರು ಎಂಬುದು ಇನ್ನೊಂದು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನನ್ನು ಕವಿದ ಹೊಗೆಮಂಜಿನ ಕಾಲದಲ್ಲಿ ಈ ಎರಡೂ ಲೆಕ್ಕಗಳು ಆ ನಗರದಲ್ಲಿ ಲಭ್ಯವಿದ್ದವು. ಹೊಗೆ ಮತ್ತು ಗಂಧಕದ ಡೈಆಕ್ಸೈಡನ್ನು ಅಳೆಯುವ ಉಪಕರಣಗಳಿದ್ದವು. ಮರಣ ನೋಂದಣಿ ಪುಸ್ತಕಗಳೂ ಇದ್ದವು. ಆದುದರಿಂದಲೇ ಸುಮಾರು 4,000 ಹೆಚ್ಚುವರಿ ಸಾವುಗಳೆಂಬ ಮೊದಲ ಅಂದಾಜು ಸಾಧ್ಯವಾಯಿತು. ಅರ್ಧ ಶತಮಾನದ ಬಳಿಕ ಅದೇ ದಾಖಲೆಗಳನ್ನು ಮರುಪರಿಶೀಲಿಸಿದ ಸಂಶೋಧಕರು ನಂತರದ ತಿಂಗಳುಗಳ ಸಾವುಗಳನ್ನೂ ಸೇರಿಸಿ ಆ ಸಂಖ್ಯೆ 12,000ದಷ್ಟಿರಬಹುದೆಂದು ತೋರಿಸಿದರು. ದಾಖಲೆ ಉಳಿದಿದ್ದರೆ ಸತ್ತವರನ್ನು ತಡವಾಗಿಯಾದರೂ ಎಣಿಸಬಹುದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಆರು ನಗರಗಳ ಅಧ್ಯಯನವು ಈ ಪರಂಪರೆಯ ಮುಂದಿನ ಮೈಲಿಗಲ್ಲು. ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಅನುಸರಿಸಿ, ಧೂಮಪಾನ ಮೊದಲಾದ ಇತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ, ಅತ್ಯಂತ ಮಲಿನವಾದ ನಗರದಲ್ಲಿ ಮರಣದ ಪ್ರಮಾಣವು ಅತ್ಯಂತ ಶುದ್ಧವಾದ ನಗರಕ್ಕಿಂತ ಶೇಕಡ 26ರಷ್ಟು ಹೆಚ್ಚಿತ್ತು. ಪಿಎಂ 2.5 ಎಂದು ಕರೆಯಲಾಗುವ, ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಕಣಗಳೇ ಮುಖ್ಯ ಅಪರಾಧಿಗಳೆಂಬುದು ಅಂದಿನಿಂದ ಗಟ್ಟಿಯಾಯಿತು. ಅಲ್ಲಿಯೂ ಪ್ರತಿ ನಗರಕ್ಕೆ ನೆಲದ ಮೇಲೊಂದು ಮಾಪನ ಕೇಂದ್ರವಿತ್ತು.

ಭಾರತದಲ್ಲಿ ರಾಷ್ಟ್ರೀಯ ಮಟ್ಟದ ವಾಯುಗುಣಮಟ್ಟ ಮಾಪನವು ಆರಂಭವಾದುದು 1984ರಲ್ಲಿ, ಬೆರಳೆಣಿಕೆಯ ಕೇಂದ್ರಗಳಿಂದ. ಜಾಲವು ಬೆಳೆದರೂ ಅದು ನಗರಗಳಲ್ಲಿಯೇ ಬೆಳೆಯಿತು, ಪಿಎಂ 2.5ಕ್ಕೆ ರಾಷ್ಟ್ರೀಯ ಮಾನಕವೊಂದು ಬಂದುದೇ 2009ರ ನವೆಂಬರಿನಲ್ಲಿ. ಗಂಗಾ ಬಯಲಿನ ಹಳ್ಳಿಯೊಂದರ ಗಾಳಿಯು ದೆಹಲಿಯ ಗಾಳಿಗಿಂತ ಶುದ್ಧವೋ ಅಲ್ಲವೋ ಎಂದು ಕೇಳಿದರೆ ಉತ್ತರಿಸಲು ಕಾಗದದ ಮೇಲೆ ಏನೂ ಇರಲಿಲ್ಲ. ಈ ಖಾಲಿ ಪುಟವನ್ನು ತುಂಬಲು ಉಪಗ್ರಹವು ಹೇಗೆ ಬಂದಿತೆಂಬುದು ಪ್ರಸ್ತುತ ಲೇಖನದ ವಿಷಯ.

ಈ ಉಪಗ್ರಹಗಳಲ್ಲಿ ಮೊದಲಿನವುಗಳನ್ನು ಯಾರೂ ಜನಾರೋಗ್ಯಕ್ಕೆಂದು ಹಾರಿಸಿದವರಲ್ಲ. 1978ರ ಅಕ್ಟೋಬರಿನಲ್ಲಿ ಉಡಾವಣೆಯಾದ ನಿಂಬಸ್-7ರಲ್ಲಿದ್ದ ಟಾಮ್ಸ್ ಉಪಕರಣದ ಕೆಲಸ ಓಝೋನನ್ನು ಅಳೆಯುವುದು. ಅದರ ಅತಿನೇರಳೆ ದತ್ತಾಂಶದಲ್ಲಿ ಧೂಳು ಮತ್ತು ಹೊಗೆಯ ಗುರುತುಗಳೂ ಅಡಗಿವೆಯೆಂದು ತಿಳಿದುದು 1990ರ ದಶಕದಲ್ಲಿ. ಹವಾಮಾನ ಉಪಗ್ರಹಗಳು ಸಮುದ್ರದ ಮೇಲಿನ ಕಣಗಳನ್ನು ಗುರುತಿಸುತ್ತಿದ್ದವು, ಏಕೆಂದರೆ ಕಡಲು ಮೇಲಿನಿಂದ ಕಪ್ಪಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಮಬ್ಬು ಎದ್ದುಕಾಣುತ್ತದೆ. ಜನರು ವಾಸಿಸುವ ನೆಲವಾದರೋ ತಾನೇ ಹೊಳೆಯುತ್ತದೆ. ಹೊಳಪಿನಲ್ಲಿ ನೆಲದ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ಬೇರ್ಪಡಿಸುವುದೇ ದೊಡ್ಡ ತೊಡಕು.

ಇದನ್ನು ಬಿಡಿಸಿದವರಲ್ಲಿ ಯೋರಾಮ್ ಕೌಫ್‌ಮನ್ ಮತ್ತು ಡಿಡಿಯರ್ ತಾನ್ರೆ ಪ್ರಮುಖರು. ಸುಮಾರು 2.1 ಮೈಕ್ರಾನ್ ತರಂಗಾಂತರದ ಅವಕೆಂಪು ಬೆಳಕಿಗೆ ಸೂಕ್ಷ್ಮ ಹೊಗೆಯು ಬಹುಮಟ್ಟಿಗೆ ಪಾರದರ್ಶಕ. ಆ ಬೆಳಕಿನಲ್ಲಿ ಕಾಡು ಮತ್ತು ಹಸಿರು ನೆಲವನ್ನು ನೋಡಿ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದೇ ನೆಲ ಎಷ್ಟು ಹೊಳೆಯಬೇಕೆಂದು ಊಹಿಸಬಹುದು. ಅದಕ್ಕಿಂತ ಹೆಚ್ಚಾಗಿ ಕಂಡುದು ಗಾಳಿಯಲ್ಲಿನ ಕಣಗಳದು. ಯುಕ್ತಿ ಸರಳವಾಗಿದೆ, ಆದರೆ ಹೊಳೆದದ್ದು ತಡವಾಗಿ. 1999ರ ಡಿಸೆಂಬರ್ 18ರಂದು ಹಾರಿದ ಟೆರ್ರಾ ಮತ್ತು 2002ರ ಮೇ ತಿಂಗಳಲ್ಲಿ ಹಾರಿದ ಆಕ್ವಾ ಉಪಗ್ರಹಗಳಲ್ಲಿನ ಮೋಡಿಸ್ ಉಪಕರಣವು ಈ ವಿಧಾನವನ್ನು ಬಹುತೇಕ ಇಡೀ ಭೂಮಿಗೆ ದಿನನಿತ್ಯ ಅನ್ವಯಿಸಿತು. ಹೀಗೆ ದೊರೆಯುವ ಅಳತೆಗೆ ಏರೋಸಾಲ್ ದ್ಯುತೀಯ ಆಳವೆಂದು ಹೆಸರು. ನೆಲದಿಂದ ಆಕಾಶದವರೆಗಿನ ಗಾಳಿಯ ಕಂಬದಲ್ಲಿ ತೇಲುವ ಕಣಗಳು ಬೆಳಕನ್ನು ಎಷ್ಟು ತಡೆಯುತ್ತವೆ ಎಂಬುದನ್ನು ಅದು ಸೂಚಿಸುತ್ತದೆ.

ಈ ಹೊತ್ತಿಗೆ ನಮ್ಮ ಭಾಗದಲ್ಲಿ ಇನ್ನೊಂದು ಪ್ರಕರಣ ನಡೆದಿತ್ತು. ಅದರ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿ ಬರೆಯಲ್ಪಟ್ಟುದರಿಂದ ಅದನ್ನು ತುಸು ವಿವರವಾಗಿ ನೋಡುವುದು ಯುಕ್ತ. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದ ಮೇಲೆ ಇಂಡೋಯೆಕ್ಸ್ ಎಂಬ ಅಂತಾರಾಷ್ಟ್ರೀಯ ಪ್ರಯೋಗದ ಮುಖ್ಯ ಘಟ್ಟ ಜರುಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿಯಾದ ವಿ. ರಾಮನಾಥನ್ ಮತ್ತು ನೊಬೆಲ್ ಪುರಸ್ಕೃತ ಪಾಲ್ ಕ್ರುಟ್ಜನ್ ಅದರ ಮುಂದಾಳುಗಳು; ಭಾರತದ ಕಡೆಯಿಂದ ಎ.ಪಿ. ಮಿತ್ರ ಅವರ ಪಾತ್ರ ಹಿರಿದು. ವಿಮಾನಗಳು, ಸಾಗರ ಕನ್ಯಾ ಸಂಶೋಧನಾ ನೌಕೆ, ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದ ವೀಕ್ಷಣಾಲಯ, ಹಿಂದೂ ಮಹಾಸಾಗರದ ಮೇಲಕ್ಕೆ ಸರಿಸಲಾಗಿದ್ದ ಮೀಟಿಯೊಸ್ಯಾಟ್-5 ಉಪಗ್ರಹ ಇವೆಲ್ಲವುಗಳ ಅಳತೆಗಳನ್ನು ಹೊಂದಿಸಿದಾಗ, ಉಪಖಂಡದಿಂದ ಸಮುದ್ರದ ಮೇಲೆ ಬಹುದೂರ ಚಾಚಿದ ಕಂದು ಮಬ್ಬು ಕಂಡಿತು. 2002ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಈ ಕುರಿತ ವರದಿಯನ್ನು ಹೊರತಂದಾಗ ಅದಕ್ಕೆ ‘ಏಷ್ಯಾದ ಕಂದು ಮೋಡ’ ಎಂಬ ಹೆಸರು ಅಂಟಿಕೊಂಡಿತು.

ಹೆಸರೇ ವಿವಾದವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಾತಾವರಣ ಹಾಗೂ ಸಾಗರ ವಿಜ್ಞಾನ ಕೇಂದ್ರದ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್ ಅವರು ಅದೇ ವರ್ಷ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಈ ಮೋಡದಲ್ಲಿ ವಾಸ್ತವವೆಷ್ಟು, ಕಲ್ಪನೆಯೆಷ್ಟು ಎಂದು ಪ್ರಶ್ನಿಸುವ ಲೇಖನವನ್ನು ಪ್ರಕಟಿಸಿದರು. ಮಬ್ಬು ಚಳಿಗಾಲದಿಂದ ಬೇಸಿಗೆಯ ಆರಂಭದವರೆಗಿನದು, ವರ್ಷವಿಡೀ ಇರುವಂಥದ್ದಲ್ಲ. ಏಷ್ಯಾವೊಂದಕ್ಕೇ ಸೀಮಿತವೂ ಅಲ್ಲ. ಮುಂಗಾರಿನ ಮೇಲೆ ಅದರ ಪರಿಣಾಮದ ಬಗೆಗಿನ ಮಾತುಗಳಿಗೆ ಆಧಾರ ಸಾಲದು ಎಂಬುದು ಅವರ ಆಕ್ಷೇಪಣೆಗಳ ತಿರುಳು. ಮುಂದೆ ಅಂತಾರಾಷ್ಟ್ರೀಯ ಯೋಜನೆಯ ಹೆಸರಿನಲ್ಲಿ ‘ಏಷ್ಯಾದ’ ಎಂಬುದು ಹೋಗಿ ‘ವಾತಾವರಣದ’ ಎಂದಾಯಿತು. ಈ ಆಕ್ಷೇಪವನ್ನು ಕೇವಲ ರಾಷ್ಟ್ರಾಭಿಮಾನವೆಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಒಂದು ಋತುವಿನ ಅಳತೆಯನ್ನು ಇಡೀ ವರ್ಷಕ್ಕೆ ಹಿಗ್ಗಿಸಬಾರದೆಂಬ ಮಾತು ಶಾಸ್ತ್ರದ ಮಾತೇ. ಆದರೆ ಮಬ್ಬು ಯಾರ ಹೆಸರಿನಲ್ಲಿರಬೇಕೆಂಬ ಚರ್ಚೆಯ ಬಿಸಿಯಲ್ಲಿ ಅದನ್ನು ದಿನವೂ ಉಸಿರಾಡುವವರ ಪ್ರಶ್ನೆ ಹಿಂದೆ ಸರಿಯಿತೆಂಬುದನ್ನೂ ಹೇಳಲೇಬೇಕು. ಬೆಂಗಳೂರಿನಲ್ಲಿಯೇ ಎಸ್. ಸುರೇಶ್ ಬಾಬು, ಎಸ್.ಕೆ. ಸತೀಶ್ ಮತ್ತು ಕೆ. ಕೃಷ್ಣಮೂರ್ತಿ ಅವರು 2001ರಲ್ಲಿ ನಡೆಸಿದ ಅಳತೆಗಳು ನಗರದ ಗಾಳಿಯ ಕಣರಾಶಿಯಲ್ಲಿ ಸುಮಾರು ಶೇಕಡ 11ರಷ್ಟು ಕಪ್ಪು ಇಂಗಾಲವೆಂದು ತೋರಿಸಿದ್ದವು. ಅವರ ಪ್ರಶ್ನೆಯೂ ಹವಾಮಾನದ್ದೇ ಆಗಿತ್ತು, ಶ್ವಾಸಕೋಶದ್ದಲ್ಲ.

ಬೆಳಕಿನ ತಡೆಯಿಂದ ಉಸಿರಿನ ಕಣಕ್ಕೆ ಸೇತುವೆ ಕಟ್ಟಿದ ಆರಂಭದ ಪ್ರಯತ್ನಗಳಲ್ಲೊಂದು 2003ರಲ್ಲಿ ಜುನ್ ವಾಂಗ್ ಮತ್ತು ಸುಂದರ್ ಕ್ರಿಸ್ಟೋಫರ್ ಅವರದು. ಅಮೆರಿಕದ ಅಲಬಾಮಾ ರಾಜ್ಯದ ಏಳು ಕೇಂದ್ರಗಳ ಪಿಎಂ 2.5 ಅಳತೆಗೂ ಮೋಡಿಸ್ ದ್ಯುತೀಯ ಆಳಕ್ಕೂ 0.7ರಷ್ಟು ಸಹಸಂಬಂಧವಿದೆಯೆಂದು ಅವರು ಕಂಡರು. ಭರವಸೆ ಮೂಡಿಸುವ ಫಲಿತಾಂಶವಿದು. ಆದರೂ ಕಂಬದ ಒಟ್ಟು ಅಳತೆಯಿಂದ ಮೂಗಿನ ಎತ್ತರದ ಅಳತೆಗೆ ಇಳಿಯುವುದು ಸುಲಭವಲ್ಲ. ಕಣಗಳು ನೆಲಕ್ಕೆ ಒತ್ತಿಕೊಂಡಿರಬಹುದು, ಮರುಭೂಮಿಯ ಧೂಳಿನಂತೆ ಮೇಲೆಯೇ ತೇಲುತ್ತಿರಬಹುದು. ತೇವಾಂಶ ಹೀರಿ ಉಬ್ಬಿ, ತೂಕಕ್ಕೆ ಮೀರಿದ ಬೆಳಕನ್ನು ಚದುರಿಸಬಹುದು. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದ ಆರನ್ ವಾನ್ ಡೊಂಕೆಲಾರ್, ರಾಂಡಲ್ ಮಾರ್ಟಿನ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಕಂಡರು. ವಾತಾವರಣದ ರಾಸಾಯನಿಕ ಕ್ರಿಯೆಗಳನ್ನು ಗಣಕದಲ್ಲಿ ಅನುಕರಿಸುವ ಮಾದರಿಯಿಂದ ಪ್ರತಿ ಸ್ಥಳಕ್ಕೂ ಪಿಎಂ 2.5 ಮತ್ತು ದ್ಯುತೀಯ ಆಳದ ಅನುಪಾತವನ್ನು ಪಡೆದು, ಉಪಗ್ರಹದ ಅಳತೆಯನ್ನು ಅದರಿಂದ ಗುಣಿಸಿದರು. 2010ರಲ್ಲಿ ಪ್ರಕಟವಾದ ಅವರ ಜಾಗತಿಕ ನಕ್ಷೆಯ ಪ್ರಕಾರ ಜಗತ್ತಿನ ಶೇಕಡ 80ರಷ್ಟು ಜನರು ವಿಶ್ವ ಆರೋಗ್ಯ ಸಂಸ್ಥೆಯ ಅಂದಿನ ಮಾರ್ಗಸೂಚಿಯಾದ ಘನ ಮೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿದ ಗಾಳಿಯಲ್ಲಿ ಬದುಕುತ್ತಿದ್ದರು. ಆ ನಕ್ಷೆಯಲ್ಲಿ ಗಂಗಾ ಬಯಲು ಒಂದೇ ಗಾಢವರ್ಣದ ಪಟ್ಟಿ. ಊರು, ಹಳ್ಳಿ ಎಂಬ ಭೇದ ಅಲ್ಲಿ ಅಷ್ಟಾಗಿ ಇಲ್ಲ.

2012ರ ಡಿಸೆಂಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ರೋಗಭಾರ ಅಧ್ಯಯನವು ಇಂಥ ನಕ್ಷೆಗಳನ್ನು ಬಳಸಿ, 2010ರಲ್ಲಿ ಹೊರಗಾಳಿಯ ಕಣಗಳಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳು ಸಂಭವಿಸಿದವೆಂದು ಅಂದಾಜಿಸಿತು. ಭಾರತಕ್ಕೆ ಸಂಬಂಧಿಸಿದಂತೆ, ಹೊರಗಾಳಿ ಮತ್ತು ಅಡುಗೆಮನೆಯ ಹೊಗೆ ಎರಡನ್ನೂ ಕೂಡಿಸಿದ ಲೆಕ್ಕಗಳು 2017ಕ್ಕೆ 12.4 ಲಕ್ಷ, 2019ಕ್ಕೆ 16.7 ಲಕ್ಷ ಸಾವುಗಳೆಂದು ಹೇಳಿದವು. ಎರಡು ವರ್ಷಗಳಲ್ಲಿ ಗಾಳಿ ಅಷ್ಟು ಕೆಟ್ಟಿತೆಂದು ಇದರಿಂದ ತಿಳಿಯಬಾರದು. ಲೆಕ್ಕದ ವಿಧಾನವೂ ಬದಲಾಗಿತ್ತು.

ಇಲ್ಲಿ ಸಂಶೋಧಕನು ನಿಲ್ಲಬೇಕಾದ ಒಂದು ಜಾಗವಿದೆ. ಗಾಳಿಯ ಲೆಕ್ಕ ಭಾರತದ್ದು, ಉಪಗ್ರಹದಿಂದ ಬಂದದ್ದು. ಅಪಾಯದ ಲೆಕ್ಕ ಮಾತ್ರ ಬೇರೆಯವರ ದೇಹಗಳದು. ದೀರ್ಘಕಾಲದ ಅಧ್ಯಯನಗಳು ಬಹುಪಾಲು ಅಮೆರಿಕ ಮತ್ತು ಯೂರೋಪಿನ ಶುದ್ಧತರ ನಗರಗಳಲ್ಲಿ ನಡೆದುದರಿಂದ, ನಮ್ಮಲ್ಲಿನಷ್ಟು ದಟ್ಟವಾದ ಮಾಲಿನ್ಯಕ್ಕೆ ಏನಾಗುತ್ತದೆಂದು ತಿಳಿಯಲು ಸಿಗರೇಟು ಸೇದುವವರ, ಅವರ ಪಕ್ಕದಲ್ಲಿ ಕುಳಿತವರ ಮತ್ತು ಸೌದೆ ಒಲೆಯ ಹೊಗೆ ಕುಡಿದವರ ಅಧ್ಯಯನಗಳನ್ನು ಜೋಡಿಸಿ ಒಂದೇ ವಕ್ರರೇಖೆ ಎಳೆಯಲಾಯಿತು. ವಾಯುಮಾಲಿನ್ಯಕ್ಕೂ ಸಾವುಗಳಿಗೂ ನೇರ ಸಂಬಂಧವನ್ನು ಸ್ಥಾಪಿಸುವ ನಿರ್ಣಾಯಕ ದತ್ತಾಂಶವಿಲ್ಲವೆಂದು ಕೇಂದ್ರ ಸರ್ಕಾರವು ಸಂಸತ್ತಿನಲ್ಲಿ ಹಲವು ಬಾರಿ ಉತ್ತರಿಸಿದೆ. ಎರವಲು ರೇಖೆಯ ಬಗೆಗಿನ ಸಂದೇಹ ನ್ಯಾಯವಾದುದೇ. ಆದರೆ ಸಂದೇಹ ಪರಿಹಾರವಾಗಬೇಕಾದುದು ಇಲ್ಲಿಯ ಅಧ್ಯಯನದಿಂದ, ಅಧ್ಯಯನದ ಅಭಾವವನ್ನೇ ಉತ್ತರವಾಗಿಸುವುದರಿಂದಲ್ಲ.

ಅಂಥ ಅಧ್ಯಯನಗಳು ಈಗ ಬಂದಿವೆ. ದೆಹಲಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಾಗ್ನಿಕ್ ಡೇ ಮತ್ತು ಸಂಗಡಿಗರು 2000ದಿಂದ 2019ರವರೆಗಿನ ಎರಡು ದಶಕಗಳಿಗೆ ಒಂದು ಕಿಲೋಮೀಟರ್ ಸೂಕ್ಷ್ಮತೆಯ ಪಿಎಂ 2.5 ದತ್ತಕೋಶವನ್ನು ಉಪಗ್ರಹದಿಂದ ನಿರ್ಮಿಸಿ 2020ರಲ್ಲಿ ಪ್ರಕಟಿಸಿದರು. ದೆಹಲಿ ಮತ್ತು ಚೆನ್ನೈಗಳ ಸುಮಾರು 12,000 ವಯಸ್ಕರನ್ನು ಅನುಸರಿಸಿ 2023ರಲ್ಲಿ ಹೊರಬಂದ ಅಧ್ಯಯನವು, ಉಪಗ್ರಹದ ನೆರವಿನಿಂದ ಅಂದಾಜಿಸಿದ ಮಾಲಿನ್ಯಕ್ಕೂ ರಕ್ತದ ಸಕ್ಕರೆಯ ಏರಿಕೆಗೂ ಸಂಬಂಧವನ್ನು ತೋರಿಸಿತು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು 655 ಜಿಲ್ಲೆಗಳ 2009ರಿಂದ 2019ರವರೆಗಿನ ಮರಣಗಳನ್ನು ಪರಿಶೀಲಿಸಿ, ವಾರ್ಷಿಕ ಪಿಎಂ 2.5 ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದಂತೆ ಮರಣವು ಶೇಕಡ 8.6ರಷ್ಟು ಹೆಚ್ಚುವುದೆಂದು ಕಂಡುಕೊಂಡಿತು.

ಉಪಗ್ರಹಕ್ಕೂ ಕುರುಡು ಗಳಿಗೆಗಳಿವೆ. ಮುಂಗಾರಿನ ಮೋಡದ ಕೆಳಗೆ ಕರಾವಳಿ ಮತ್ತು ಮಲೆನಾಡು ತಿಂಗಳುಗಟ್ಟಲೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಉತ್ತರದ ಚಳಿಗಾಲದ ಮಂಜಿನಲ್ಲಿ, ಗಾಳಿ ಅತ್ಯಂತ ಕೆಟ್ಟಿರುವ ದಿನಗಳೇ ಕೈತಪ್ಪುತ್ತವೆ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಹಾದುಹೋಗುವುದು ಇನ್ನೊಂದು ಕೊರತೆ. ಪಂಜಾಬ್ ಮತ್ತು ಹರಿಯಾಣಗಳಲ್ಲಿ ಭತ್ತದ ಕೂಳೆ ಸುಡುವ ಬೆಂಕಿಗಳ ಎಣಿಕೆ ಇಳಿಯುತ್ತಿದ್ದರೂ ಹೊಗೆ ಅದಕ್ಕೆ ತಕ್ಕಂತೆ ಇಳಿಯದಿದ್ದುದನ್ನು ಕಂಡು, 2024ರಲ್ಲಿ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ನೋಡಿದಾಗ, ಆಕ್ವಾ ಮೊದಲಾದವು ದಾಟಿಹೋದ ಮೇಲೆ, ಇಳಿಹೊತ್ತಿನಲ್ಲಿ ಬೆಂಕಿ ಹೊತ್ತುತ್ತಿದ್ದುದು ತಿಳಿಯಿತು.

2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ನಗರಗಳು ಸೇರಿದವು. ಈ ಆಯ್ಕೆಗೆ ಆಧಾರ ನೆಲದ ಕೇಂದ್ರಗಳ ಅಳತೆ. ಕೇಂದ್ರವಿಲ್ಲದ ಊರು ಪಟ್ಟಿಗೆ ಬರುವ ಹಾಗಿರಲಿಲ್ಲ. ಅಂಥ ಊರುಗಳ ಗಾಳಿಯ ಲೆಕ್ಕವನ್ನು ಉಪಗ್ರಹದ ದತ್ತಕೋಶಗಳಿಂದ ಈಗ ಪಡೆಯಬಹುದು. ಮರಣದ ಲೆಕ್ಕ ಇನ್ನೂ ನೋಂದಣಿ ಪುಸ್ತಕದಿಂದಲೇ ಬರಬೇಕು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇಕಡ 22ರ ಆಸುಪಾಸಿನಷ್ಟನ್ನು ಮಾತ್ರ.